ಸಣ್ಣ ಕೈಗೆ ದೊಡ್ಡ ಮ್ಯಾಂಡೊಲಿನ್

ಪರಸ್ತ್ರೀಯರ ಕೈಯನ್ನು ನಮ್ಮ ಮಾವನಷ್ಟು ರಾಜಾರೋಷವಾಗಿ ಹಿಡಿದವರು ತುಮಕೂರಿನಲ್ಲಿ ಇನ್ನೊಬ್ಬರು ಇರಲಾರರು. ಅದೂ ಅತ್ತೆಯ ಕಣ್ಣೆದುರಿಗೇ. ಪರಪುರುಷರ ಕೈಯನ್ನೂ ಅವರು ಅಷ್ಟೇ ಆಸಕ್ತಿಯಿಂದ ಹಿಡಿಯುತ್ತಿದ್ದರು ಅನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲದಿದ್ದರೆ ಹೋದವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಹಾಲಿನವಳು, ಕರೆಂಟ್ ಮೀಟರ್ ನೋಡಲು ಬಂದವನು, ಲಗ್ನಪತ್ರಿಕೆ ಕೊಡಲು ಬಂದ ನೆಂಟರು, ಯಾರೇ ಬರಲಿ, ಕೂತ್ಕಳಿ ಅನ್ನುವ ಮೊದಲು "ಎಲ್ಲಿ, ಎಡಗೈ ಕೊಡಿ" ಅನ್ನುತ್ತಿದ್ದರು. ಕೈಯನ್ನು ಮೇಜಿನ ಮೇಲೆ ಅಗಲಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಉಕ್ಕಿನ ಸ್ಕೇಲಿಟ್ಟು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಹೂಂ, ನಡುವಣದು" ಎಂದು ತೀರ್ಪು ಕೊಡುತ್ತಿದ್ದರು. ಬಂದವರು ಜ್ಯೋತಿಷ್ಯವೆಂದುಕೊಂಡು ಬಲಗೈಯನ್ನೂ ಚಾಚುತ್ತಿದ್ದರು.

"ನಂಗೆ ಕೆಲ್ಸ ಪರ್ಮನೆಂಟ್ ಆಯ್ತದಾ ಸಾಮಿ?" ಎಂದು ಮೀಟರಿನವನು ಕೇಳಿದ್ದ.

"ಅದು ಗೊತ್ತಿಲ್ಲ ಕಣಪ್ಪ. ಮ್ಯಾಂಡೊಲಿನ್ ಕಲಿತ್ರೆ ನಿಂಗೆ ನಡುವಣದು ಆಯ್ತದೆ," ಎಂದಿದ್ದರು ಮಾವ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಮೆಷಿನ್ ಓಡಿಸಿದವರು. ಲೇತಿನ ಪಕ್ಕದಲ್ಲೇ ತಗಡು ಒತ್ತುವ ಪ್ರೆಸ್ಸು. ದಿನವಿಡೀ ಅದರ ಧಡ್ ಧಡ್. ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆ ಮ್ಯಾಂಡೊಲಿನ್. ಹುಡುಗರಾಗಿದ್ದಾಗ ಗುಬ್ಬಿಯಲ್ಲಿ, ನಾಟಕಗಳಿಗೆ ನುಡಿಸುತ್ತಿದ್ದ ಒಬ್ಬ ಮುದುಕರ ಹತ್ತಿರ ಕಲಿತಿದ್ದರಂತೆ. ಆದರೆ ಅವರಿಗೆ ಒಂಟಿಯಾಗಿ ನುಡಿಸುವುದು ಕಂಡರಾಗದು. "ಒಬ್ಬನೇ ಕೂತು ನುಡ್ಸೋದು ಒಬ್ಬನೇ ಕೂತು ಇಸ್ಪೀಟ್ ಆಡ್ದಂಗೆ" ಅನ್ನುತ್ತಿದ್ದರು. ಜೊತೆಗೆ ನುಡಿಸುವವರು ಬೇಕು. ಅದಕ್ಕಾಗಿಯೇ ಊರವರ ಬೆರಳೆಲ್ಲ ಅಳೆದಿದ್ದು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಸ್ಕೇಲ್ ಹೊರಗೆ ಬಂತು. ಹುಡುಗನ ಕೆಲಸ, ಜಮೀನು, ಅಭ್ಯಾಸಗಳನ್ನು ಬೇರೆಯವರು ವಿಚಾರಿಸಿದರು. ಮಾವ ಅವನ ಕಿರುಬೆರಳನ್ನು ವಿಚಾರಿಸಿಕೊಂಡು ಒಳಗೆ ಬಂದು, "ಒಪ್ಕಳಕ್ಕಾ, ಇಂಥಾ ಕಿರುಬೆರಳು ಸಿಕ್ಕಲ್ಲ" ಎಂದು ನಮ್ಮಮ್ಮನ ಕಿವಿಯಲ್ಲಿ ಹೇಳಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಆ ಕಿರುಬೆರಳು ಇವತ್ತಿನವರೆಗೆ ಕಿವಿ ಕೆರೆದುಕೊಳ್ಳುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಕೆಯಾಗಿಲ್ಲ.

ಮಾವ ಹೋಗಿ ಮೂರು ತಿಂಗಳಾಯಿತು. ಅವರು ಇರುವಾಗ ಅವರನ್ನು ಕುರಿತು ಹೀಗೆಲ್ಲ ನಗುತ್ತಿದ್ದೆ. ಹೋದ ಮೇಲೆ ಕೆಲವು ವಾರ ನಗಲು ಆಗಲಿಲ್ಲ. ಕಾರಣ, ಅವರಿಗೆ ನಾನು ಆಡಿದ ಕೊನೆಯ ಮಾತು. ಅದಕ್ಕೆ ಆಮೇಲೆ ಬರುತ್ತೇನೆ. ಆ ಮಾತು ಹುಟ್ಟಿದ್ದು ವಾದ್ಯದ ಸೈಜಿನಿಂದ, ಆದ್ದರಿಂದ ಮೊದಲು ಸೈಜಿನ ವಿಷಯ.

ರಿಟೈರ್ ಆದ ವರ್ಷ ಮಾವ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದರು. ಯಾವುದೋ ಪರದೇಶದಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ಕೂತು ಮ್ಯಾಂಡೊಲಿನ್ ನುಡಿಸುತ್ತಿದ್ದಾರೆ. ಎಲ್ಲರ ಕೈಯಲ್ಲೂ ಒಂದೇ ಆಕಾರ, ಆದರೆ ಒಂದೊಂದೂ ಒಂದೊಂದು ಸೈಜು. ಮಾವ ಅವತ್ತು ಗುಬ್ಬಿಗೆ ಬಸ್ ಹತ್ತಿ ನನ್ನ ಟೈಲರಿಂಗ್ ಅಂಗಡಿಗೇ ಬಂದರು.

"ಇಷ್ಟು ದಿನ ನಾನು ಮಗೂನ ಎತ್ಕೊಂಡು ಓಡಾಡ್ತಿದ್ದೆ ಕಣಮ್ಮ. ಅದರ ಅಪ್ಪ ಅಮ್ಮ ಎಲ್ಲಾ ಅವರೆ. ನೋಡಿಲ್ಲಿ, ಇದು ಮ್ಯಾಂಡೋಲಾ, ನಡುವಣದು. ಇದು ದೊಡ್ಡದು. ಸಂಸಾರ ಕಣಮ್ಮ ಇದು, ಸಂಸಾರ."

ಕತ್ತರಿ ಕೆಳಗಿಟ್ಟು ನೋಡಿದೆ. ಚೆನ್ನಾಗಿತ್ತು. ಸಣ್ಣದು ಹಾಡು ಹೇಳುತ್ತಿತ್ತು. ದೊಡ್ಡದು ಹಿಂದೆ ನಿಂತು ಹೂಂಗುಟ್ಟುತ್ತಿತ್ತು. ಚಿಕ್ಕವಳಾಗಿದ್ದಾಗ ಬೇಸಿಗೆ ರಜೆಯಲ್ಲಿ ಮಾವ ನನಗೆ ಸಣ್ಣದರಲ್ಲಿ ನಾಲ್ಕು ದೇವರನಾಮ ಕಲಿಸಿದ್ದರು. ಬೆರಳಿಗೆ ಇನ್ನೂ ಮರೆತಿರಲಿಲ್ಲ.

ಮೂರನೆಯವರಾಗಿ ಸಿಕ್ಕಿದ್ದು ಕುಣಿಗಲ್ಲಿನ ಒಬ್ಬ ರಿಟೈರ್ಡ್ ಬಸ್ ಕಂಡಕ್ಟರು. ಮಾವ ಹುಲಿಯೂರುದುರ್ಗಕ್ಕೆ ಹೋಗುವಾಗ ಟಿಕೆಟ್ ಕೊಡಲು ಚಾಚಿದ ಕೈಯನ್ನು ಹಾಗೇ ಹಿಡಿದು ಅಳೆದದ್ದರಿಂದ ಆದ ಸ್ನೇಹ ಅದು. ಎಂಟೂವರೆ ಇಂಚು. ನೋಟ್‌ಬುಕ್ಕಿನಲ್ಲೇ ದೊಡ್ಡ ಕೈ. ಹಾರ್ಮೋನಿಯಂ ಬರುತ್ತಿತ್ತು, ಭಜನೆಯ ಅಭ್ಯಾಸವಿತ್ತು.

ಮಾವ ನಿಯಮ ಮಾಡಿದರು. ಏಳು ಇಂಚಿನವರೆಗೆ ಸಣ್ಣದು. ಏಳರಿಂದ ಎಂಟು ನಡುವಣದು. ಎಂಟರ ಮೇಲೆ ದೊಡ್ಡದು. ನನ್ನ ಕೈ ಆರೂ ಮುಕ್ಕಾಲು. ಅಂದರೆ ನನಗೆ ಸಣ್ಣದು ಖಾಯಂ ಎಂದು ಸಂತೋಷಪಟ್ಟೆ. ಹಾಡೆಲ್ಲ ಅದರಲ್ಲೇ ತಾನೆ ಬರುವುದು?

ಮೊದಲು ಬಂದದ್ದು ನಡುವಣದು. ಬೆಂಗಳೂರಿನ ಅಂಗಡಿಯಿಂದ ತರಿಸಿದ್ದು. ದೊಡ್ಡದು ಬರುವವರೆಗೆ ಇರಲಿ ಎಂದು ಅದನ್ನು ಕಂಡಕ್ಟರ ಕೈಗೆ ಕೊಟ್ಟು, ನಾವಿಬ್ಬರೂ ಸಣ್ಣದು ಹಿಡಿದು ಕೂತೆವು. ಮೂವರೂ ಅದೇ ತಂತಿ, ತಂತಿಯಡಿ ಅದೇ ಸ್ವರದ ಮನೆ, ಅದೇ ಬೆರಳು. ಆದರೆ ಕೇಳಿದರೆ ನಾವು ತುಮಕೂರಿನಲ್ಲಿದ್ದೇವೆ, ಅವರು ಕುಣಿಗಲ್ಲಿನಲ್ಲಿದ್ದಾರೆ! ನಡುವಣದರ ಶ್ರುತಿಯೇ ಬೇರೆ. ಬೆರಳು ಒಂದೇ ಕಡೆ ಇಟ್ಟರೂ ಸ್ವರ ಐದು ಮೆಟ್ಟಿಲು ಕೆಳಗೆ ಬರುತ್ತದೆ. ಒಳಗಿನಿಂದ ಅತ್ತೆ ಬಂದು, "ಯಾರ್ಗಾದ್ರೂ ಏನಾದ್ರೂ ಆಯ್ತಾ?" ಎಂದು ಕೇಳಿದರು.

ಮಾವ ಯೋಚಿಸಿ ಉಪಾಯ ಹೇಳಿದರು. ಕಂಡಕ್ಟರು ಒಂದು ತಂತಿ ಪಕ್ಕಕ್ಕೆ ಸರಿದು ನುಡಿಸಿದರೆ ನಮ್ಮ ಶ್ರುತಿಗೇ ಬರುತ್ತದೆ. ಸರಿ, ಬಂತು. ಆದರೆ ನಮ್ಮ ಕೊನೆಯ ತಂತಿಗೆ ಸರಿಸಮನಾದ ತಂತಿ ಅವರಲ್ಲಿ ಇಲ್ಲ. ಹಾಡು ಮೇಲಕ್ಕೆ ಹೋದಾಗಲೆಲ್ಲ ಕಂಡಕ್ಟರು ಕೈ ಎತ್ತಿ ಸುಮ್ಮನೆ ಕೂರುತ್ತಿದ್ದರು.

"ಯಾಕ್ರೀ ನಿಲ್ಸಿದ್ರಿ?"

"ಈ ಬಸ್ಸು ಅಲ್ಲೀಗಂಟ ಹೋಗಲ್ಲ ಸಾರ್. ನೀವ್ ಹೋಗಿ ಬನ್ನಿ, ಇಲ್ಲೇ ಇರ್ತೀನಿ."

ದೊಡ್ಡದನ್ನು ಮಾವ ಕೊಳ್ಳಲಿಲ್ಲ, ಮಾಡಿಸಿದರು. ಅವರ ಲೆಕ್ಕ ಇಷ್ಟು: ತಂತಿ ಎರಡರಷ್ಟು ಉದ್ದವಾದರೆ ಅದೇ ಸ್ವರ ಒಂದು ಸ್ಥಾಯಿ ಕೆಳಗೆ ಬರುತ್ತದೆ. ಬೆರಳು ಬದಲಾಯಿಸಬೇಕಾಗಿಲ್ಲ, ಶ್ರುತಿ ಕೆಡುವುದಿಲ್ಲ. ಗುಂಪಿನಲ್ಲಿ ನುಡಿಸಲು ಅದೇ ಸರಿ. ಲೆಕ್ಕ ತಪ್ಪಲ್ಲ. ಆದರೆ ಮೂವತ್ತೈದು ವರ್ಷ ಡ್ರಾಯಿಂಗ್ ನೋಡಿ ಕೆಲಸ ಮಾಡಿದ ಕೈ ಅಲ್ಲವೇ, ಸಣ್ಣದನ್ನು ಅಳೆದು ನೀಟಾಗಿ ಡ್ರಾಯಿಂಗ್ ಬರೆದು, ಕೆಳಗೆ "ಎಲ್ಲಾ ಅಳತೆ ಡಬಲ್" ಎಂದು ಬರೆದು ಅಂಡರ್‌ಲೈನ್ ಮಾಡಿ, ಬೆಳ್ಳಾವಿಯಲ್ಲಿ ಬಾಗಿಲು ಕಿಟಕಿ ಮಾಡುವ ಒಬ್ಬ ಆಚಾರ್ರಿಗೆ ಕೊಟ್ಟರು. ಆಚಾರ್ರು ಡ್ರಾಯಿಂಗಿಗೆ ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಎಲ್ಲವನ್ನೂ ಡಬಲ್ ಮಾಡಿದರು. ಹೊಟ್ಟೆ ಡಬಲ್, ಬಿರಡೆ ಡಬಲ್. ಹಿಡಿಯುವ ಕತ್ತೂ ಡಬಲ್ ದಪ್ಪ. ಒನಕೆ ಹಿಡಿದ ಹಾಗಿತ್ತು. ಕಂಡಕ್ಟರ ಎಂಟೂವರೆ ಇಂಚಿನ ಕೈಗೂ ಎರಡು ಮನೆ ದಾಟಲು ಆಗಲಿಲ್ಲ.

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಡ್ರಾಯಿಂಗ್ ತಪ್ಪಿಲ್ಲ" ಎಂದರು.

"ತಪ್ಪಿಲ್ಲ ಸಾಮಿ," ಎಂದರು ಆಚಾರ್ರು. "ನುಡ್ಸೋರ್ನೂ ಡಬಲ್ ಮಾಡಿ ಕಳಿಸ್ಬೇಕಾಗಿತ್ತು, ಅದೊಂದು ಬರ್ದಿಲ್ಲ ನೀವು."

ಆ ಭೀಮಕಾಯ ಈಗಲೂ ಮಾವನ ಮನೆಯ ಮಹಡಿಯಲ್ಲಿದೆ. ಬೇಸಿಗೆಯಲ್ಲಿ ಅದರ ಬೆನ್ನಿನ ಮೇಲೆ ಅತ್ತೆ ಹಪ್ಪಳ ಒಣಗಿಸುತ್ತಾರೆ. ಎರಡನೆಯ ಸಲ ಮಾವ ಬುದ್ಧಿ ಕಲಿತು, ತಂತಿಯ ಉದ್ದವನ್ನು ಇಪ್ಪತ್ತೊಂದು ಇಂಚಿಗೆ ಇಳಿಸಿ, ತಂತಿ ಮಾತ್ರ ದಪ್ಪನೆಯದು ಹಾಕಿಸಿದರು. ಅದು ಮನುಷ್ಯರು ನುಡಿಸುವ ಹಾಗಿತ್ತು. ಮೀಟಿದರೆ ತುಂಬಿದ ಹಂಡೆಯನ್ನು ತಟ್ಟಿದಂಥ ನಾದ.

ಅದು ಸಿದ್ಧವಾಗಿ ಬಂದ ಭಾನುವಾರ ಮಾವ ನಮ್ಮಿಬ್ಬರನ್ನೂ ಕೂರಿಸಿ, ನೋಟ್‌ಬುಕ್ ತೆಗೆಯದೆಯೇ, ದೊಡ್ಡದನ್ನು ನನ್ನ ತೊಡೆಯ ಮೇಲೆ ಇಟ್ಟರು. ಅವತ್ತಿನವರೆಗೆ ನಾನು ನುಡಿಸುತ್ತಿದ್ದ ಸಣ್ಣದನ್ನು ಗೋಡೆಗೆ ನೇತುಹಾಕಿದರು. ಕಂಡಕ್ಟರಿಗೆ ನಡುವಣದೇ ಉಳಿಯಿತು.

"ಮಾವ, ನಂದು ಆರೂ ಮುಕ್ಕಾಲು," ಎಂದೆ.

"ಗೊತ್ತು ಕಣಮ್ಮ. ನಿಂಗೇ ಸರಿ ಇದು."

"ನಿಮ್ ನಿಯಮ?"

"ಆಯ್ತು ಬುಡು," ಎಂದು ನಕ್ಕು ಶ್ರುತಿ ಮಾಡಲು ಕೂತರು.

ನಾನು ಟೈಲರು. ಅಳತೆ ತೆಗೆದುಕೊಂಡು ಬೇರೆಯವರ ಬ್ಲೌಸ್ ಕೊಟ್ಟರೆ ಗಿರಾಕಿಗೆ ಹೇಗಾಗುತ್ತದೆ ಎಂದು ನನಗೆ ಗೊತ್ತು. ಕಂಡಕ್ಟರ ಕೈ ನನಗಿಂತ ದೊಡ್ಡದು. ಹಾಗಿದ್ದ ಮೇಲೆ ದೊಡ್ಡದನ್ನು ನನಗೇ ಏಕೆ ಕೊಟ್ಟರು? ನನಗೆ ತೋಚಿದ ಉತ್ತರ ಒಂದೇ: ನನಗೆ ಹಾಡು ನುಡಿಸಲು ಬರುವುದಿಲ್ಲ, ಹಿಂದೆ ಕೂತು ಹೂಂಗುಟ್ಟುವುದಕ್ಕೇ ನಾನು ಲಾಯಕ್ಕು ಎಂದು ಅವರು ತೀರ್ಮಾನಿಸಿದ್ದಾರೆ. ಈ ಮುಳ್ಳು ಆರು ವರ್ಷ ನನ್ನಲ್ಲಿ ಇತ್ತು.

ಆರು ವರ್ಷವೂ ಭಾನುವಾರ ತಪ್ಪಲಿಲ್ಲ. ಮಾವನ ವಿಚಿತ್ರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಾದವು. ಮೊದಲು ಬರಿಯ ಕಿವಿಯಿಂದ ಶ್ರುತಿ ಮಾಡುತ್ತಿದ್ದವರು ಶ್ರುತಿ ತೋರಿಸುವ ಒಂದು ಸಣ್ಣ ಮೆಷಿನ್ ತಂದರು. "ಕಾಲಕ್ಕೆ ತಕ್ಕಂಗೆ ಹೋಗ್ಬೇಕು" ಅಂದರು. ಸಣ್ಣದರ ತಂತಿ ಸತ್ತಿದೆ ಎಂದು ತಿಂಗಳಿಗೊಮ್ಮೆ ಬದಲಾಯಿಸುತ್ತಿದ್ದರು. ಮಾತಾಡಿದರೆ ಬೀದಿಗೆಲ್ಲ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಆರು ವಿಷಲ್ ಹೊಡೆದರೂ ಎದ್ದು ಗ್ಯಾಸ್ ಆರಿಸುತ್ತಿರಲಿಲ್ಲ. ಹೂವಿಗೆ ಹೋಗಿದ್ದ ಅತ್ತೆ ಬಂದು, "ಬೇಳೆ ಹೋಗಿ ಅಂಟಾಗಿದೆ, ಇಲ್ಲೇ ಕೂತಿದೀರಲ್ಲಾ" ಎಂದು ರೇಗಿದರೆ "ಆಯ್ತು ಬುಡು" ಅನ್ನುತ್ತಿದ್ದರು. ಕೊತ್ತಂಬರಿ ಸೊಪ್ಪು ತನ್ನಿ ಎಂದರೆ "ಆಯ್ತು ಬುಡು". ಬರುವಾಗ ಕೈ ಬೀಸಿಕೊಂಡು ಬರುತ್ತಿದ್ದರು. ಸಂಗೀತಗಾರರು ಎಂದರೆ ಹೀಗೇ, ಲೋಕದ ಪರಿವೆ ಇರುವುದಿಲ್ಲ ಎಂದು ಕಂಡಕ್ಟರು ನನಗೆ ವಿವರಿಸುತ್ತಿದ್ದರು.

ಎಲ್ಲಕ್ಕಿಂತ ಕಾಟವೆಂದರೆ ಅವರ ಮಂಡಿ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಾವನ ಬಲಮಂಡಿ ನನ್ನ ದೊಡ್ಡದರ ಹೊಟ್ಟೆಗೆ ಒತ್ತಿಕೊಂಡೇ ಇರಬೇಕು. "ಸ್ವಲ್ಪ ಸರ್ಕೊಳಿ ಮಾವ" ಎಂದರೆ ಅದಕ್ಕೂ "ಆಯ್ತು ಬುಡು". ಸರಿಯುತ್ತಿರಲಿಲ್ಲ. ನಡುನಡುವೆ ತಮ್ಮ ಸಣ್ಣದನ್ನು ಕೆಳಗಿಟ್ಟು, "ನೀನು ನುಡ್ಸು, ಅಂಟು ಬಿಟ್ಟಿದೆಯಾ ನೋಡ್ತೀನಿ" ಎಂದು ನನ್ನ ವಾದ್ಯದ ಅಂಚಿಗೆ ಗಲ್ಲ ಊರಿ ಕಣ್ಣು ಮುಚ್ಚುತ್ತಿದ್ದರು. ಗಲ್ಲದಿಂದ ಅಂಟು ನೋಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅವರ ಕುರುಚಲು ಗಡ್ಡ ಉಜ್ಜಿ ಉಜ್ಜಿ ಅಲ್ಲಿ ಪಾಲಿಶ್ ಹೋಗಿತ್ತು.

ಒಂದು ರಾಮನವಮಿಗೆ ಕುಣಿಗಲ್ಲಿನಲ್ಲಿ, ಕಂಡಕ್ಟರ ಬೀದಿಯ ಆಂಜನೇಯನ ಗುಡಿಯಲ್ಲಿ ನಮ್ಮ ಕಚೇರಿ. ಒಂದು ಕಡೆ ಪಾನಕ ಕೋಸಂಬರಿ, ಇನ್ನೊಂದು ಕಡೆ ನಾವು. ಮೈಕಿನವನು ಜಾಗ ಸಾಲದೆಂದು ನನ್ನನ್ನು ಆ ತುದಿಗೆ, ಕಂಡಕ್ಟರ ಆಚೆಗೆ ಕೂರಿಸಿದ. ಹಾಡು ಶುರುವಾಯಿತು. ಎರಡು ಸಾಲು ಹೋಗುವಷ್ಟರಲ್ಲಿ ಮಾವ ನಮಗಿಂತ ಅರ್ಧ ಸಾಲು ಮುಂದಿದ್ದರು. ಕಂಡಕ್ಟರು ಕಣ್ಣಲ್ಲಿ ಸನ್ನೆ ಮಾಡಿದರು, ತಲೆಯಲ್ಲಿ ತಾಳ ಹಾಕಿದರು. ಮಾವ ನುಡಿಸುವುದನ್ನು ನಿಲ್ಲಿಸಿದರು. ಆಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆ ಎದ್ದು, ಚಾಪೆ ಎಳೆದುಕೊಂಡು, ಮೈಕಿನ ವೈರು ದಾಟಿ ನನ್ನ ಪಕ್ಕಕ್ಕೆ ಬಂದು ಕೂತು, ಮಂಡಿ ಒತ್ತಿದರು. ಅಲ್ಲಿಂದ ಕೊನೆಯವರೆಗೆ ಒಂದಕ್ಷರ ತಪ್ಪಲಿಲ್ಲ.

"ಇವ್ರಿಗೆ ಸೊಸೆ ಮೇಲೆ ನಂಬಿಕೆ ಇಲ್ಲ, ಕಾವಲು ಕೂತವ್ರೆ," ಎಂದು ಪಾನಕ ಹಂಚುತ್ತಿದ್ದ ಅಜ್ಜಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮುಳ್ಳು ಇನ್ನಷ್ಟು ಒಳಗೆ ಹೋಯಿತು.

ಇನ್ನು ಆ ಕೊನೆಯ ಭಾನುವಾರ. ನಮ್ಮ ಗುಬ್ಬಿಯ ಒಂದು ಗೃಹಪ್ರವೇಶಕ್ಕೆ ನುಡಿಸಲು ಕರೆದಿದ್ದರು. ನನ್ನ ಗಿರಾಕಿಗಳೇ ತುಂಬಿರುವ ಬೀದಿ. ಅಲ್ಲಾದರೂ ನಾನು ಹಾಡು ನುಡಿಸಬೇಕು ಎಂದು ಆಸೆ. ಅಭ್ಯಾಸ ಮುಗಿದ ಮೇಲೆ, ಮುಖ ತಗ್ಗಿಸಿ, ವಾದ್ಯದ ಚೀಲದ ಜಿಪ್ ಎಳೆಯುತ್ತಾ ಹೇಳಿಯೇಬಿಟ್ಟೆ.

"ಮಾವ, ಆರು ವರ್ಷದಿಂದ ನಿಮ್ಮ ಮರದ ದಿಮ್ಮಿ ಹೊತ್ತಿದೀನಿ. ನಾನು ನುಡಿಸೋದು ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡಿ. ಗೋಡೆ ಮೇಲಿರೋ ಸಣ್ಣದು ಕೊಡಿ, ಇಲ್ಲಾಂದ್ರೆ ಮುಂದಿನ ವಾರದಿಂದ ನಾನು ಬರಲ್ಲ."

ತಲೆ ಎತ್ತಿದೆ. ಮಾವ ನಗುತ್ತಿದ್ದರು.

"ಆಯ್ತು ಬುಡು," ಎಂದರು.

ಆ ಗುರುವಾರ ಬೆಳಿಗ್ಗೆ, ಕಾಫಿ ಲೋಟ ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ ಹಾಗೇ ಮಾವ ಹೋಗಿಬಿಟ್ಟರು. ಹೃದಯ ಎಂದರು ಡಾಕ್ಟರು.

ಬರಲ್ಲ ಎಂದು ನಾನು ಹೇಳಿದೆ. ಆಯ್ತು ಎಂದು ಅವರು ನಕ್ಕರು. ಅದೇ ಕೊನೆ. ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಕು ಹಾಕುವಾಗ ಆ ನಗು ನೆನಪಾಗಿ ಸೂಜಿ ಬೆರಳಿಗೆ ಚುಚ್ಚಿಕೊಂಡದ್ದು ಎಷ್ಟು ಸಲವೋ. ನೊಂದುಕೊಂಡು ನಕ್ಕರೋ, ಇವಳು ಹೋದರೆ ಹೋಗಲಿ ಎಂದು ನಕ್ಕರೋ? ಯಾರನ್ನು ಕೇಳುವುದು?

ತಿಥಿಯೆಲ್ಲ ಮುಗಿದು ಕೆಲವು ವಾರವಾದ ಮೇಲೆ ಅತ್ತೆ ಫೋನ್ ಮಾಡಿದರು. "ಭಾನುವಾರ ಬನ್ರೇ ಇಬ್ರೂ. ಮನೆ ಬಣಬಣ ಅಂತದೆ." ಕಂಡಕ್ಟರು ಕುಣಿಗಲ್ಲಿನಿಂದ ಬಂದಿದ್ದರು. ನಾನು ದೊಡ್ಡದನ್ನು ಹೊತ್ತುಕೊಂಡು ಹೋದೆ, ನುಡಿಸುವುದಕ್ಕಲ್ಲ, ಹಿಂದಕ್ಕೆ ಕೊಡುವುದಕ್ಕೆ.

"ಇದು ಬೇಡ ಅತ್ತೆ. ಇದಕ್ಕೋಸ್ಕರ ಮಾವನಿಗೆ ಏನೇನೋ ಅಂದುಬಿಟ್ಟೆ," ಎಂದು ಎಲ್ಲವನ್ನೂ ಹೇಳಿದೆ.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಕೂತು ಕೇಳಿದರು. ಕೊನೆಗೆ, "ಮುಖ ಎತ್ತಿ ಹೇಳಿದ್ಯಾ, ಬಗ್ಗಿಕೊಂಡು ಹೇಳಿದ್ಯಾ?" ಎಂದರು.

"ಬಗ್ಗಿಕೊಂಡು. ಜಿಪ್ ಹಾಕ್ತಿದ್ದೆ."

"ಮತ್ತೆ ಅವ್ರಿಗೆ ಎಲ್ಲಿ ಕೇಳಿಸ್ತದೇ?" ಎಂದು ಅತ್ತೆ ನಕ್ಕರು. "ಆರೇಳು ವರ್ಷದಿಂದ ಕಿವಿ ಇರ್ಲಿಲ್ಲ ಕಣೇ ಅವ್ರಿಗೆ. ಆ ಪ್ರೆಸ್ಸು ತಿಂದ್ಕೊಂಡ್ಬುಡ್ತು. ಮುಖ ನೋಡಿ ತಿಳ್ಕೊಳೋರು. ತಿಳೀದಿದ್ರೆ ಆಯ್ತು ಬುಡು ಅನ್ನೋರು. ಡಾಕ್ಟ್ರು ಹೇಳಿ ಕಿವಿಗಿಡೋ ಮೆಷಿನ್ ತಂದಿದ್ರು, ಡಬ್ಬೀಲೇ ಅದೆ. ಅವ್ರಿಬ್ರಿಗೂ ಹೇಳ್ಬೇಡ, ಕನಿಕರಕ್ಕೆ ನುಡಿಸ್ತಾರೆ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ರು."

ಕುಕ್ಕರಿನ ಆರು ವಿಷಲ್, ಸತ್ತ ತಂತಿ, ಶ್ರುತಿಯ ಮೆಷಿನ್, ಮಂಡಿ, ಗಲ್ಲ. ಎಲ್ಲವೂ ಸಾಲಾಗಿ ನನ್ನ ಮುಂದೆ ಬಂದು ನಿಂತವು.

"ಹಾಗಾದ್ರೆ ಈ ದೊಡ್ಡದನ್ನ ನಂಗ್ಯಾಕೆ ಕೊಟ್ರು?"

"ಅದು ಬಂದ ದಿನ ಮೂರನ್ನೂ ಸಾಲಾಗಿ ಇಟ್ಕೊಂಡು, ಒಂದೊಂದನ್ನೇ ಮೀಟಿ ಗಲ್ಲ ಊರಿ ನೋಡಿದ್ರು. ಇದೊಂದೇ ಕೇಳಿಸ್ತದೆ ಕಣೇ ಅಂದ್ರು. ಮಗೀಗೆ ಕೊಟ್ಬುಡ್ತೀನಿ, ಕಂಡಕ್ಟ್ರಿಗೆ ಕೊಟ್ರೆ ಸಾಯೋಗಂಟ ಅವನ್ದೇ ಕೇಳ್ಬೇಕಾಯ್ತದೆ ಅಂದ್ರು."

ಕಂಡಕ್ಟರು ಕಾಫಿ ಲೋಟ ಕೆಳಗಿಟ್ಟರು.

"ಅಂದ್ರೆ, ಆರು ವರ್ಷ ನಂದು ಅವ್ರಿಗೆ ಕೇಳ್ಸೇ ಇಲ್ವಾ?"

"ಇಲ್ಲ ಕಣಣ್ಣ."

ಕಂಡಕ್ಟರು ನೀಳವಾಗಿ ಉಸಿರು ಬಿಟ್ಟು, "ಸದ್ಯ," ಎಂದರು.

ಸದ್ಯ! ನನಗೂ ಅದೇ ಮಾತು ಬಾಯಿಗೆ ಬಂದಿತ್ತು. ನಾನು ಆಡಿದ್ದು ಮಾವನಿಗೆ ಕೇಳಿಸಿರಲಿಲ್ಲ. ನಾನು ನುಡಿಸಿದ್ದು ಕೇಳಿಸಿತ್ತು. ಎದೆಯ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಇಷ್ಟು ದಿನ ಬಾರದ ಅಳು ಈಗ ಸರಿಯಾಗಿ ಬಂತು, ನಗುವೂ ಬಂತು. ಎರಡನ್ನೂ ಒಟ್ಟಿಗೆ ಒರೆಸಿಕೊಂಡೆ.

"ನುಡ್ಸೇ," ಎಂದರು ಅತ್ತೆ. ಗೋಡೆಯ ಮೇಲಿನ ಸಣ್ಣದನ್ನು ಇಳಿಸಿ ಕೊಡಲು ಕಂಡಕ್ಟರು ಎದ್ದರು. ಬೇಡ ಎಂದು ಚೀಲದಿಂದ ದೊಡ್ಡದನ್ನೇ ತೆಗೆದೆ.

ಅತ್ತೆಗೂ ಸಂಗೀತಕ್ಕೂ ಆಗಿಬರದು. ನಲವತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಮಾವನ ಚಾಪೆಯ ಮೇಲೆ ಕೂತವರಲ್ಲ. ಅವತ್ತು ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಮೊದಲ ಸಾಲು ನುಡಿಸುತ್ತಿದ್ದ ಹಾಗೇ, ಎರಡೂ ತೋರುಬೆರಳುಗಳನ್ನು ಎರಡು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು, ಬಗ್ಗಿ, ಪಾಲಿಶ್ ಹೋದ ಆ ಜಾಗಕ್ಕೇ ಗಲ್ಲ ಊರಿದರು. ಕಣ್ಣು ಮುಚ್ಚಿದರು. ನಾನು ನಿಲ್ಲಿಸಲಿಲ್ಲ. ಅವರಿಗೂ ಒಂದು ಪ್ರಶ್ನೆ ಇತ್ತೆಂದು ಆಗ ತಿಳಿಯಿತು.

ಹಾಡು ಮುಗಿಯುವವರೆಗೂ ಹಾಗೇ ಇದ್ದರು. ಆಮೇಲೆ, ಕಿವಿಯಿಂದ ಬೆರಳು ತೆಗೆಯದೆಯೇ, ಮಾವ ಮಾತಾಡುತ್ತಿದ್ದ ಹಾಗೇ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ಚೆನ್ನಾಗೇ ಕೇಳಿಸ್ತಿತ್ತು ಕಣೇ ಅವ್ರಿಗೆ. ಇಷ್ಟು ಸಾಕು ಬುಡು."